ಕಪಾಟು ಗೋಡೆಗೆ ಕಟ್ಟಿದೆಯೇ?

ಕೆಲವು ವರ್ಷಗಳ ಹಿಂದಿನ ಮಾತು. ಆಟಿ ತಿಂಗಳು, ಹೊರಗೆ ಬಿಡದೆ ಸುರಿಯುವ ಮಳೆ. ವೇಣೂರಿನ ನನ್ನ ಚಿಕಿತ್ಸಾಲಯ ಮುಚ್ಚುವ ಹೊತ್ತಿಗೆ ರಿಕ್ಷಾವೊಂದು ಬಂದು ನಿಂತಿತು. ಮೂರು ವರ್ಷದ ಹುಡುಗನನ್ನು ಬೈರಾಸಿನಲ್ಲಿ ಸುತ್ತಿ ಎತ್ತಿಕೊಂಡು ಅವನ ಮಾವ ಒಳಗೆ ಬಂದರು. ಹಿಂದೆ ತಾಯಿ, ತಾಯಿಯ ಹಿಂದೆ ಅಜ್ಜಿ. ಹುಡುಗನ ನೆತ್ತಿಯಲ್ಲಿ ಎರಡು ಇಂಚಿನ ಗಾಯ. ಬಲಗಡೆಯ ಕಾಲರ್ ಬೋನ್ ಮುರಿದಿತ್ತು. ಏನಾಯಿತೆಂದು ಕೇಳಿದೆ. "ಕಪಾಟು ಬಿತ್ತು ಡಾಕ್ಟ್ರೇ" ಎಂದರು ಮಾವ.

ತಾಯಿ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುತ್ತಿದ್ದರಂತೆ. ಒಳಕೋಣೆಯಲ್ಲಿ ನಾಲ್ಕು ಡ್ರಾವರುಗಳ ಬಟ್ಟೆಯ ಕಪಾಟು. ಅದರ ಮೇಲೆ ಯಾರೋ ಬಿಸ್ಕೆಟಿನ ಪೊಟ್ಟಣ ಇಟ್ಟಿದ್ದರು. ಹುಡುಗ ಡ್ರಾವರುಗಳನ್ನು ಒಂದೊಂದಾಗಿ ಎಳೆದು ಮೆಟ್ಟಿಲು ಮಾಡಿಕೊಂಡಿದ್ದಾನೆ. ಕಪಾಟು ಅವನ ಮೇಲೆಯೇ ಮಗುಚಿದೆ. ಪಕ್ಕದ ಮಂಚದ ಅಂಚಿಗೆ ಅದರ ತಲೆ ತಾಗಿ ನಿಂತದ್ದರಿಂದ ಪೂರ್ತಿ ಭಾರ ಮಗುವಿನ ಎದೆಗೆ ಬೀಳಲಿಲ್ಲ. ಗಾಯಕ್ಕೆ ಹೊಲಿಗೆ ಹಾಕಿ, ಕೈಯನ್ನು ಬಟ್ಟೆಯ ಜೋಳಿಗೆಯಲ್ಲಿ ಕಟ್ಟಿ, ತಲೆಯ ಪರೀಕ್ಷೆಗಾಗಿ ಮಂಗಳೂರಿಗೆ ಕಳುಹಿಸಿದೆ. ಎರಡು ದಿನ ನಿಗಾದಲ್ಲಿದ್ದು ಮರಳಿ ಬಂದ. ಈಗ ಶಾಲೆಗೆ ಹೋಗುತ್ತಿದ್ದಾನೆ.

ಆ ಸಂಜೆ ಅಜ್ಜಿ ಆಡಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ. "ಒಂದು ಮಗುವನ್ನು ನೋಡಿಕೊಳ್ಳಲಿಕ್ಕೆ ಇವಳಿಗೆ ಪುರುಸೊತ್ತಿಲ್ಲ." ತಾಯಿ ತಲೆ ತಗ್ಗಿಸಿ ನಿಂತಿದ್ದರು. ಆ ರಾತ್ರಿ ಮನೆಗೆ ಹೋದವನು ನಮ್ಮದೇ ಮಲಗುವ ಕೋಣೆಯ ಉಕ್ಕಿನ ಕಪಾಟಿನ ನೆತ್ತಿಗೆ ಕೈ ಹಾಕಿ ಮುಂದಕ್ಕೆ ಎಳೆದು ನೋಡಿದೆ. ಹಿಂದಿನ ಕಾಲು ನೆಲ ಬಿಟ್ಟಿತು. ಮಳೆಗಾಲದ ತೇವ ತಾಗದಿರಲೆಂದು ಕಾಲಿನಡಿ ಇಟ್ಟಿದ್ದ ಹಂಚಿನ ಚೂರು ಕಟಕಟ ಎಂದಿತು. ನನ್ನ ಮಕ್ಕಳು ಎಷ್ಟೋ ವರ್ಷ ಅದರ ಬುಡದಲ್ಲೇ ಮಲಗಿ ಬೆಳೆದಿದ್ದರು. ಡಾಕ್ಟರ ಮನೆಯೂ ಆ ಮನೆಯೂ ಈ ವಿಷಯದಲ್ಲಿ ಒಂದೇ.

ಪೋಲಿಯೋ ಹನಿ ಹಾಕಿಸುತ್ತೇವೆ, ನೀರು ಕುದಿಸಿ ಕೊಡುತ್ತೇವೆ, ಬಾವಿಗೆ ಕಟ್ಟೆ ಕಟ್ಟಿಸುತ್ತೇವೆ. ಆದರೆ ಮಗು ಮಲಗುವ ಕೋಣೆಯಲ್ಲಿ ಆಳೆತ್ತರಕ್ಕೆ ನಿಂತ ಕಪಾಟನ್ನು ಗೋಡೆಗೆ ಬಿಗಿಯಬೇಕೆಂದು ನಮಗೆ ಯಾರೂ ಹೇಳಿಕೊಟ್ಟಿಲ್ಲ. ಈ ವಾರ ಆ ವಿಷಯ.

ಇಷ್ಟು ವರ್ಷ ನಿಂತದ್ದು ಇಂದೇಕೆ ಬಿತ್ತು?

"ಹದಿನೈದು ವರ್ಷದಿಂದ ಅಲ್ಲೇ ಇದೆ, ಒಂದು ದಿನವೂ ಅಲುಗಾಡಿಲ್ಲ" ಎಂದು ಹೇಳುವವರುಂಟು. ಅದು ನಿಜವೂ ಹೌದು. ಕಪಾಟು ನಿಲ್ಲುವುದು ಅದರ ಭಾರದ ನಡುಬಿಂದು ನಾಲ್ಕು ಕಾಲುಗಳ ಒಳಗೆ ಇರುವವರೆಗೆ. ಆ ಬಿಂದು ಮುಂದಿನ ಕಾಲುಗಳನ್ನು ದಾಟಿ ಹೊರಗೆ ಬಂದ ಕ್ಷಣ ಅದು ಮಗುಚುತ್ತದೆ. ದಾಟಿಸುವುದು ಹೇಗೆಂದು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು.

ಬಟ್ಟೆ ತುಂಬಿದ ಒಂದು ಡ್ರಾವರ್ ಕಪಾಟು 40 ಕಿಲೋ ಇದೆ ಎನ್ನೋಣ. ಅದರ ಭಾರದ ನಡುಬಿಂದು ಮುಂದಿನ ಕಾಲಿನಿಂದ 22 ಸೆಂಟಿಮೀಟರ್ ಹಿಂದೆ ಇದೆ. 40ನ್ನು 22ರಿಂದ ಗುಣಿಸಿದರೆ 880. ಇದು ಕಪಾಟನ್ನು ಹಿಂದಕ್ಕೆ ಹಿಡಿದಿಡುವ ಬಲದ ಅಳತೆ. ಏಳು ಕಿಲೋದ ಒಂದು ಡ್ರಾವರನ್ನು 30 ಸೆಂಟಿಮೀಟರ್ ಹೊರಗೆ ಎಳೆದರೆ ಅದರಲ್ಲಿ 210 ಕಳೆಯುತ್ತದೆ, 670 ಉಳಿಯುತ್ತದೆ. ಈಗ 13 ಕಿಲೋದ ಮಗು ಆ ಡ್ರಾವರಿನಲ್ಲಿ, ಮುಂಗಾಲಿನಿಂದ 30 ಸೆಂಟಿಮೀಟರ್ ಮುಂದೆ, ಹತ್ತಿ ನಿಂತರೆ ಮುಂದಕ್ಕೆ ಎಳೆಯುವ ಬಲ 390. ಕಪಾಟು ಬೀಳುವುದಿಲ್ಲ. ಮೂರು ಡ್ರಾವರುಗಳನ್ನು ಎಳೆದರೆ? 630 ಕಳೆದು 250 ಮಾತ್ರ ಉಳಿಯಿತು. ಅದೇ ಮಗು, ಅದೇ 390. ಕಪಾಟು ಮಗುಚಿತು.

ಅಂದರೆ ನಿನ್ನೆ ಒಂದು ಡ್ರಾವರ್ ಎಳೆದು ಹತ್ತಿದ ಮಗುವಿಗೆ ಏನೂ ಆಗಿರಲಿಕ್ಕಿಲ್ಲ. ಇಂದು ಮೂರು ಎಳೆಯಿತು, ಅಷ್ಟೇ ವ್ಯತ್ಯಾಸ. ನೆಲ ಸ್ವಲ್ಪ ಮುಂದಕ್ಕೆ ಇಳಿಜಾರಾಗಿದ್ದರೆ ಎರಡೇ ಡ್ರಾವರ್ ಸಾಕು. ನೀರು ಹರಿದು ಹೋಗಲೆಂದು ಇಳಿಜಾರು ಕೊಟ್ಟ ಕಾವಿ ನೆಲ ನಮ್ಮ ಹಳೆಯ ಮನೆಗಳಲ್ಲಿ ಬೇಕಾದಷ್ಟಿದೆ. ಉಕ್ಕಿನ ಕಪಾಟಿಗೆ ಡ್ರಾವರುಗಳಿಲ್ಲದಿದ್ದರೂ ಕನ್ನಡಿ ಕೂರಿಸಿದ ಭಾರದ ಬಾಗಿಲುಗಳಿವೆ. ಎರಡನ್ನೂ ತೆರೆದು ಮಗು ಹಿಡಿಕೆಗೆ ಜೋತುಬಿದ್ದರೆ ಅಲ್ಲಿ ನಡೆಯುವುದೂ ಇದೇ ಲೆಕ್ಕ.

ನಮ್ಮ ವೇಣೂರಿನಲ್ಲಿ 35 ಅಡಿ ಎತ್ತರದ ಬಾಹುಬಲಿ ಸ್ವಾಮಿ 1604ರಿಂದ ಯಾವ ಗೋಡೆಗೂ ಒರಗದೆ ನಿಂತಿದ್ದಾರೆ. ಅದು ಏಕಶಿಲೆ, ಅದಕ್ಕೆ ತೆರೆಯುವ ಬಾಗಿಲುಗಳಿಲ್ಲ, ಹೊರಗೆ ಬರುವ ಡ್ರಾವರುಗಳಿಲ್ಲ, ಕಾಲಿನಡಿ ಹಂಚಿನ ಚೂರೂ ಇಲ್ಲ. ನಮ್ಮ ಆರಡಿಯ ಕಪಾಟಿಗೆ ಆ ಭಾಗ್ಯವಿಲ್ಲದ ಕಾರಣ ಗೋಡೆಯ ಆಸರೆ ಬೇಕು.

ದೇಹಕ್ಕೆ ಏನಾಗುತ್ತದೆ?

ಹೆಚ್ಚು ಅಪಾಯ ಒಂದರಿಂದ ಐದು ವರ್ಷದ ಮಕ್ಕಳಿಗೆ. ಹತ್ತಲು ಕಲಿತಿರುತ್ತಾರೆ, ಬೀಳುವ ವಸ್ತುವಿನಿಂದ ಹಾರಿ ತಪ್ಪಿಸಿಕೊಳ್ಳಲು ಕಲಿತಿರುವುದಿಲ್ಲ. ಈ ವಯಸ್ಸಿನಲ್ಲಿ ದೇಹಕ್ಕೆ ಹೋಲಿಸಿದರೆ ತಲೆ ದೊಡ್ಡದು, ಕುತ್ತಿಗೆಯ ಸ್ನಾಯುಗಳು ದುರ್ಬಲ. ಆದ್ದರಿಂದ ಪೆಟ್ಟು ತಲೆಗೆ ಬೀಳುವುದೇ ಹೆಚ್ಚು.

ಎರಡನೆಯದು ಎದೆಯ ಮೇಲಿನ ಭಾರ. ಉಸಿರು ಎಳೆದುಕೊಳ್ಳಲು ಎದೆಗೂಡು ಹಿಗ್ಗಬೇಕು. ಮಗುವಿನ ಪಕ್ಕೆಲುಬುಗಳು ಎಳೆಯವು, ಬಾಗುತ್ತವೆ. ಮೇಲೆ ಮೂವತ್ತು-ನಲವತ್ತು ಕಿಲೋ ಬಿದ್ದರೆ ಒಂದು ಎಲುಬೂ ಮುರಿಯದೆ ಉಸಿರು ನಿಲ್ಲಬಹುದು. ಕೆಲವು ನಿಮಿಷಗಳಲ್ಲೇ ಪ್ರಾಣಕ್ಕೆ ಅಪಾಯ. ಡ್ರಾವರಿನ ಅಂಚು ಕುತ್ತಿಗೆಯ ಮೇಲೆ ಕೂತರೂ ಅದೇ ಗತಿ.

ಇಲ್ಲಿ ಪ್ರತಿ ಮನೆಯವರೂ ತಿಳಿದಿರಬೇಕಾದ ಒಂದು ಮಾತಿದೆ. ಅಳಲು ಉಸಿರು ಬೇಕು. ಎದೆ ಅದುಮಿದ ಮಗು ಅಳುವುದಿಲ್ಲ. ಬಟ್ಟೆ ತುಂಬಿದ ಕಪಾಟು ಹಾಸಿಗೆಯ ಮೇಲೋ ಮಗುವಿನ ಮೇಲೋ ಬಿದ್ದಾಗ ದೊಡ್ಡ ಸದ್ದೂ ಬಾರದಿರಬಹುದು. ಮಳೆಗಾಲದಲ್ಲಿ ಮಾಡಿನ ಹಂಚಿನ ಮೇಲೆ ನೀರು ಸುರಿಯುವಾಗಲಂತೂ ಕೇಳಿಸುವುದೇ ಇಲ್ಲ. ಆದ್ದರಿಂದ "ತಾಯಿ ನೋಡಿಕೊಳ್ಳಬೇಕಿತ್ತು" ಎಂಬ ಮಾತಿಗೆ ವೈದ್ಯನಾಗಿ ನಾನು ಒಪ್ಪುವುದಿಲ್ಲ. ಕಪಾಟು ಬೀಳಲು ಒಂದೆರಡು ಸೆಕೆಂಡು ಸಾಕು. ಒಲೆಯ ಮೇಲಿನ ಹಾಲು ಇಳಿಸಲು ಹೋದ ತಾಯಿ ಅಷ್ಟರಲ್ಲಿ ಮರಳಿ ಬರಲಾರಳು. ದಿನದ ಇಪ್ಪತ್ತನಾಲ್ಕು ಗಂಟೆ ಕಣ್ಣು ಮಿಟುಕಿಸದೆ ಕಾಯುವುದು ಮನುಷ್ಯರಿಂದ ಆಗದ ಕೆಲಸ. ಎರಡು ಕಬ್ಬಿಣದ ಪಟ್ಟಿಗಳಿಂದ ಆಗುವ ಕೆಲಸ.

ಹಿರಿಯರನ್ನೂ ಮರೆಯಬಾರದು. ರಾತ್ರಿ ಮೂತ್ರಕ್ಕೆ ಏಳುವಾಗ ತಲೆ ತಿರುಗಿದರೆ ಕೈ ಹೋಗುವುದು ಪಕ್ಕದ ಕಪಾಟಿನ ಹಿಡಿಕೆಗೆ. ಹಿಡಿದ ಆಸರೆಯೇ ಮೇಲೆ ಬಿದ್ದರೆ ಸೊಂಟದ ಎಲುಬು ಮುರಿದು ಹಾಸಿಗೆ ಹಿಡಿಯುವ ಪ್ರಸಂಗ ಬರುತ್ತದೆ.

ಹೊರದೇಶದಿಂದ ಒಂದು ಪಾಠ

ಅಮೆರಿಕದಲ್ಲಿ ಡ್ರಾವರ್ ಕಪಾಟುಗಳು ಮಗುಚಿ ಪುಟ್ಟ ಮಕ್ಕಳು ಸತ್ತ ಮೇಲೆ 2016ರ ಜೂನ್‌ನಲ್ಲಿ ಐಕಿಯಾ ಕಂಪನಿ ಅಲ್ಲಿ ಮಾರಿದ್ದ ಸುಮಾರು 2 ಕೋಟಿ 90 ಲಕ್ಷ ಕಪಾಟುಗಳನ್ನು ಹಿಂದಕ್ಕೆ ಕರೆಯಿತು. ಗೋಡೆಗೆ ಬಿಗಿಯದಿದ್ದರೆ ಅವು ಮಗುಚುವ ಅಪಾಯವಿದೆ ಎಂಬುದು ಕಾರಣ. ಅಷ್ಟು ದೊಡ್ಡ ಪ್ರಕಟಣೆಯ ನಂತರವೂ 2017ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಮನೆಯಲ್ಲಿ ಅಂಥದೇ ಕಪಾಟಿನಡಿ ಎರಡು ವರ್ಷದ ಮಗು ಪ್ರಾಣ ಬಿಟ್ಟಿತು. ತಂದೆತಾಯಿಗೆ 4 ಕೋಟಿ 60 ಲಕ್ಷ ಡಾಲರ್ ಪರಿಹಾರ ಕೊಡಲು ಕಂಪನಿ 2020ರ ಜನವರಿಯಲ್ಲಿ ಒಪ್ಪಿತು. ಮಕ್ಕಳನ್ನು ಕಳೆದುಕೊಂಡ ತಂದೆತಾಯಿಯರೇ ವರ್ಷಗಟ್ಟಲೆ ಓಡಾಡಿದ ಫಲವಾಗಿ 2022ರ ಡಿಸೆಂಬರಿನಲ್ಲಿ ಅಲ್ಲಿ ಕಾನೂನು ಬಂತು. 2023ರ ಸೆಪ್ಟೆಂಬರಿನಿಂದ ಅಲ್ಲಿ ತಯಾರಾಗುವ 27 ಇಂಚು ಮತ್ತು ಅದಕ್ಕೂ ಎತ್ತರದ ಬಟ್ಟೆಯ ಕಪಾಟುಗಳು 60 ಪೌಂಡ್, ಅಂದರೆ ಸುಮಾರು 27 ಕಿಲೋ ತೂಕದವರೆಗಿನ ಮಗುವಿನ ಭಾರಕ್ಕೆ ಮಗುಚದಂತೆ ಪರೀಕ್ಷೆ ಗೆಲ್ಲಬೇಕು.

27 ಇಂಚು ಎಂದರೆ ನಮ್ಮ ಸೊಂಟಕ್ಕೂ ಕೆಳಗೆ. "ಎತ್ತರದ ಕಪಾಟಾದರೆ ಸರಿ, ಇದು ಗಿಡ್ಡ, ಇದಕ್ಕೇಕೆ?" ಎನ್ನುವವರು ಈ ಅಂಕಿಯನ್ನು ನೆನಪಿಡಬೇಕು. ಈಗ ಪೆಟ್ಟಿಗೆಯಲ್ಲಿ ಬಂದು ಮನೆಯಲ್ಲಿ ಜೋಡಿಸುವ ಕಪಾಟುಗಳು ನಮ್ಮ ಊರುಗಳಿಗೂ ಬಂದಿವೆ. ಅವುಗಳಲ್ಲಿ ಹಲವುದರ ಜತೆ ಗೋಡೆಗೆ ಬಿಗಿಯುವ ಪಟ್ಟಿ, ತಿರುಪುಗಳ ಪುಟ್ಟ ಪೊಟ್ಟಣ ಇರುತ್ತದೆ. ಜೋಡಿಸಿದ ಮೇಲೆ "ಉಳಿದ ಸಾಮಾನು" ಎಂದು ಅದನ್ನು ಎಸೆಯಬೇಡಿ. ಇಡೀ ಪೆಟ್ಟಿಗೆಯಲ್ಲಿ ಮಗುವಿನ ಪ್ರಾಣಕ್ಕೆ ಬೇಕಾದ ಸಾಮಾನು ಅದೇ.

ಬಿಗಿಯುವುದು ಹೇಗೆ?

ಇದು ಆಚಾರಿಯ ಅರ್ಧ ಗಂಟೆಯ ಕೆಲಸ. ಹಾರ್ಡ್‌ವೇರ್ ಅಂಗಡಿಯಲ್ಲಿ ಎಲ್ ಆಕಾರದ ಕಬ್ಬಿಣದ ಪಟ್ಟಿಗಳು ಸಿಗುತ್ತವೆ. ಒಂದು ಕಪಾಟಿಗೆ ಕನಿಷ್ಠ ಎರಡು, ನೆತ್ತಿಯ ಎರಡು ಮೂಲೆಗಳಿಗೆ ಒಂದೊಂದು. ಕೆಳಗೆ ಅಥವಾ ನಡುವೆ ಬಿಗಿದರೆ ಪ್ರಯೋಜನ ಕಡಿಮೆ. ನಮ್ಮ ಮಳೆಗಾಲಕ್ಕೆ ತುಕ್ಕು ಹಿಡಿಯದ ತಿರುಪುಗಳನ್ನೇ ಕೇಳಿ ತನ್ನಿ.

ಕಪಾಟಿನ ಕಡೆ: ಮರದ ಕಪಾಟಾದರೆ ತಿರುಪು ಗಟ್ಟಿ ಚೌಕಟ್ಟಿಗೆ ಹೋಗಬೇಕು. ಹಿಂಭಾಗಕ್ಕೆ ಹೊಡೆದ ತೆಳು ಹಲಗೆಗೆ ಬಿಗಿದರೆ ಹಲಗೆ ಗೋಡೆಯಲ್ಲಿ ಉಳಿಯುತ್ತದೆ, ಕಪಾಟು ಬೀಳುತ್ತದೆ. ಗೆದ್ದಲು ತಿಂದ ಅಥವಾ ತೇವಕ್ಕೆ ಉಬ್ಬಿದ ಭಾಗವನ್ನು ನಂಬಬೇಡಿ. ಉಕ್ಕಿನ ಕಪಾಟಿಗೆ ನೆತ್ತಿಯ ಹಿಂದಿನ ಅಂಚಿನಲ್ಲಿ ತೂತು ಕೊರೆದು, ಒಳಗಿನಿಂದ ಅಗಲದ ವಾಷರ್ ಇಟ್ಟು ಬೋಲ್ಟು-ನಟ್ಟು ಬಿಗಿಯಬೇಕು.

ಗೋಡೆಯ ಕಡೆ: ಇಲ್ಲಿ ನಮ್ಮ ಜಿಲ್ಲೆಯ ಮನೆಗಳಿಗೆ ವಿಶೇಷ ಗಮನ ಬೇಕು. ಇಟ್ಟಿಗೆ ಅಥವಾ ಕಾಂಕ್ರೀಟಿನ ಗೋಡೆಗೆ ಡ್ರಿಲ್ಲಿನಿಂದ ತೂತು ಕೊರೆದು, ಪ್ಲಗ್ ಕೂರಿಸಿ, ಎರಡೂವರೆ ಇಂಚಿನ ತಿರುಪು ಹಾಕಿದರೆ ಸಾಮಾನ್ಯವಾಗಿ ಸಾಕು. ತಿರುಪು ಗಾರೆಯನ್ನು ದಾಟಿ ಗೋಡೆಯ ಒಳಗೇ ಹಿಡಿಯಬೇಕು. ಗಾರೆ ಅರ್ಧ ಇಂಚಿಗಿಂತ ದಪ್ಪವಿದ್ದರೆ ಇನ್ನೂ ಉದ್ದದ ತಿರುಪು ಬೇಕು.

ಮುರಕಲ್ಲಿನ ಗೋಡೆಯಾದರೆ ಎಚ್ಚರ. ಈ ಕಲ್ಲು ಮೃದು, ಒಳಗೆಲ್ಲ ಸಣ್ಣ ತೂತುಗಳು. ಮೊಳೆ ಹೊಡೆದರೆ ಪುಡಿ ಉದುರಿ ಸಡಿಲಾಗುವುದನ್ನು ಎಲ್ಲರೂ ನೋಡಿದ್ದೀರಿ. ಗಟ್ಟಿ ಕಲ್ಲಿನ ಭಾಗ ಹುಡುಕಿ ಮೂರು-ನಾಲ್ಕು ಇಂಚಿನ ಉದ್ದದ ಪ್ಲಗ್ ಹಾಕಬಹುದು. ಅದಕ್ಕಿಂತ ಭದ್ರವಾದದ್ದು ಹಳೆಯ ವಿಧಾನ: ಗೋಡೆಯಲ್ಲಿ ಅಂಗೈ ಅಗಲದ ಗೂಡು ಕೆತ್ತಿ, ಒಳಬದಿ ಅಗಲವಾಗಿ ಹೊರಬದಿ ಕಿರಿದಾಗಿರುವ ಗಟ್ಟಿ ಮರದ ತುಂಡನ್ನು ಸಿಮೆಂಟಿನಲ್ಲಿ ಕೂರಿಸಿ, ಒಂದು ವಾರ ಒಣಗಲು ಬಿಟ್ಟು ಆಮೇಲೆ ತಿರುಪು ಹಾಕುವುದು. ಊರಿನ ಮೇಸ್ತ್ರಿಗಳಿಗೆ ಇದು ಗೊತ್ತಿರುವ ಕೆಲಸ.

ಟೊಳ್ಳು ಸಿಮೆಂಟ್ ಬ್ಲಾಕಿನ ಗೋಡೆಯಲ್ಲಿ ಸಾದಾ ಪ್ಲಗ್ ಟೊಳ್ಳಿನೊಳಗೆ ಹೋಗಿ ಸುಮ್ಮನೆ ತಿರುಗುತ್ತದೆ. ಆ ಜಾಗದ ಟೊಳ್ಳನ್ನು ಕಾಂಕ್ರೀಟಿನಿಂದ ತುಂಬಿಸಬೇಕು, ಇಲ್ಲವೇ ಟೊಳ್ಳು ಗೋಡೆಗೆಂದೇ ಇರುವ, ಒಳಗೆ ಹೋಗಿ ಅರಳುವ ಬೋಲ್ಟು ಹಾಕಬೇಕು. ಮಣ್ಣಿನ ಗೋಡೆಯನ್ನು ನಂಬಲೇಬಾರದು. ಅಂಥ ಮನೆಯಲ್ಲಿ ಕಪಾಟನ್ನು ಮರದ ತೊಲೆಗೋ ಕಂಬಕ್ಕೋ ಗಟ್ಟಿ ಪಟ್ಟಿಯಿಂದ ಬಿಗಿಯಿರಿ. ಅದೂ ಆಗದಿದ್ದರೆ ಮಕ್ಕಳು ಮಲಗುವ, ಆಡುವ ಕೋಣೆಯಿಂದ ಅದನ್ನು ಹೊರಗೆ ಸಾಗಿಸಿ, ಆ ಕೋಣೆಗೆ ಬೀಗ ಹಾಕಿ.

ಕೊರೆಯುವ ಮೊದಲು ಮೈನ್ ಸ್ವಿಚ್ ಆರಿಸಿ, ಬ್ಯಾಟರಿಯ ಡ್ರಿಲ್ ಬಳಸಿ. ಅದಿಲ್ಲದಿದ್ದರೆ ವಯರು ಎಲ್ಲಿ ಹಾದಿದೆ ಎಂದು ವಯರಿಂಗ್ ಮಾಡಿದವರನ್ನು ಕೇಳಿಯೇ ಕೊರೆಯಿರಿ. ಸ್ವಿಚ್ ಬೋರ್ಡಿನ ನೇರ ಮೇಲೆ ಅಥವಾ ಕೆಳಗೆ, ನಲ್ಲಿಯ ನೇರದಲ್ಲಿ ಕೊರೆಯಬೇಡಿ. ಕಪಾಟು ಗೋಡೆಗೆ ತಾಗದೆ ಅಂತರ ಉಳಿದಿದ್ದರೆ ನಡುವೆ ಮರದ ಪಟ್ಟಿ ತುಂಬಿಸಿ ಬಿಗಿಯಿರಿ. ಕಾಲಿನಡಿಯ ಹಂಚಿನ ಚೂರು, ಕಲ್ಲುಗಳನ್ನು ತೆಗೆದು ನಾಲ್ಕು ಕಾಲಿಗೂ ಒಂದೇ ದಪ್ಪದ, ಜಾರದ ಮರದ ಅಥವಾ ರಬ್ಬರಿನ ಪಟ್ಟಿ ಇಡಿ. ನೆಲ ಮುಂದಕ್ಕೆ ಇಳಿಜಾರಾಗಿದ್ದರೆ ಮುಂದಿನ ಕಾಲಿಗೆ ಮಾತ್ರ ಸ್ವಲ್ಪ ಹೆಚ್ಚು ದಪ್ಪದ್ದು ಬೇಕು. ಎಲ್ಲ ಮುಗಿದ ಮೇಲೆ ದೊಡ್ಡವರೊಬ್ಬರು ನೆತ್ತಿ ಹಿಡಿದು ಬಲವಾಗಿ ಎಳೆದು ನೋಡಬೇಕು. ಆಗ ಮಕ್ಕಳು ಕೋಣೆಯಲ್ಲಿರಬಾರದು. ವರ್ಷಕ್ಕೊಮ್ಮೆ, ಮಳೆಗಾಲ ಮುಗಿದು ದೀಪಾವಳಿಗೆ ಮನೆ ಗುಡಿಸುವಾಗ, ತಿರುಪುಗಳನ್ನು ಮತ್ತೆ ಪರೀಕ್ಷಿಸಿ.

ಬಾಡಿಗೆ ಮನೆಯವರು ಯಜಮಾನರನ್ನು ಕೇಳಿಯೇ ಮಾಡಿ. ಬಿಡುವಾಗ ತೂತುಗಳಿಗೆ ಸಿಮೆಂಟು ತುಂಬಿಸಿ ಬಣ್ಣ ಹಚ್ಚಿದರೆ ಆಯಿತು. ಮನೆ ಯಜಮಾನರಲ್ಲೂ ಒಂದು ವಿನಂತಿ: ಗೋಡೆಯ ಎರಡು ತೂತಿಗೆ ದಯವಿಟ್ಟು ಬೇಡ ಅನ್ನಬೇಡಿ.

ಇಂದೇ ಮಾಡಬಹುದಾದದ್ದು

ಆಚಾರಿ ಸಿಗಲು ನಾಲ್ಕು ದಿನ ತಡವಾಗಬಹುದು. ಅಲ್ಲಿಯವರೆಗೆ ಖರ್ಚಿಲ್ಲದೆ ಮಾಡಬಹುದಾದ ಕೆಲಸಗಳಿವೆ.

1. ಬಿಸ್ಕೆಟ್, ಆಟಿಕೆ, ಮೊಬೈಲ್, ಟಿ.ವಿ. ರಿಮೋಟ್ ಇವನ್ನು ಕಪಾಟಿನ ಮೇಲೆ ಇಡಬೇಡಿ. ಮಗು ಹತ್ತುವುದು ಇವುಗಳಿಗಾಗಿ.

2. ಭಾರದ ವಸ್ತುಗಳು ಕೆಳಗಿನ ಅಂತಸ್ತಿಗೆ, ಹಗುರದವು ಮೇಲಕ್ಕೆ. ಕಪಾಟಿನ ನೆತ್ತಿಯ ಮೇಲಿನ ಪೆಟ್ಟಿಗೆ, ಉಪ್ಪಿನಕಾಯಿ ಭರಣಿಗಳನ್ನು ಇಳಿಸಿ.

3. ಒಮ್ಮೆಗೆ ಒಂದೇ ಡ್ರಾವರ್ ತೆರೆಯುವ ಅಭ್ಯಾಸವನ್ನು ಮನೆಯಲ್ಲಿ ಎಲ್ಲರೂ ಮಾಡಿಕೊಳ್ಳಿ. ಕಪಾಟಿಗೆ ಬೀಗವಿದ್ದರೆ ಹಾಕಿಡಿ.

4. ಮಗುವಿನ ತೊಟ್ಟಿಲು, ಹಾಸಿಗೆ ಕಪಾಟಿನ ಎದುರಿನಿಂದ ದೂರವಿರಲಿ. ಕಪಾಟಿನ ಎತ್ತರ ಎಷ್ಟೋ ಅಷ್ಟು ದೂರ ಎಂದು ಲೆಕ್ಕ ಹಿಡಿಯಿರಿ.

5. ಟಿ.ವಿ.ಯನ್ನು ಡ್ರಾವರ್ ಕಪಾಟಿನ ಮೇಲೆ ಇಡಬೇಡಿ. ಹಳೆಯ ದಪ್ಪ ಟಿ.ವಿ.ಯ ಭಾರವೆಲ್ಲ ಗಾಜಿನ ಮುಂಭಾಗದಲ್ಲಿದೆ. ಕೆಟ್ಟುಹೋದದ್ದನ್ನು ಮೂಲೆಯಲ್ಲಿ ಏರಿಸಿಟ್ಟಿದ್ದರೆ ಇಳಿಸಿ. ಈಗಿನ ತೆಳು ಟಿ.ವಿ.ಯನ್ನು ಗೋಡೆಗೇ ಬಿಗಿಯಿರಿ.

ಅಂಗನವಾಡಿ, ಶಾಲೆಗಳ ಪುಸ್ತಕದ ಕಪಾಟು, ಉಕ್ಕಿನ ರ‍್ಯಾಕುಗಳಿಗೂ ಇದೇ ಮಾತು. ಮುಂದಿನ ಪೋಷಕರ ಸಭೆಯಲ್ಲಿ ಒಬ್ಬರು ಎದ್ದು ಕೇಳಿದರೆ ಸಾಕು. 2022ರ ಜೂನ್ ಕೊನೆಯಲ್ಲಿ ಸುಳ್ಯ ಮತ್ತು ಕೊಡಗಿನ ಗಡಿಭಾಗದಲ್ಲಿ ಭೂಮಿ ಲಘುವಾಗಿ ಕಂಪಿಸಿದ್ದನ್ನು ನಮ್ಮ ಜಿಲ್ಲೆಯವರು ಮರೆತಿಲ್ಲ. ನೆಲ ಅಲುಗಿದಾಗ ಹೊರಗೆ ಓಡುವ ದಾರಿಗೆ ಅಡ್ಡ ಬೀಳುವುದೂ ಈ ಬಿಗಿಯದ ಕಪಾಟೇ.

ಬಿದ್ದೇ ಬಿಟ್ಟರೆ?

ಮೊದಲು ಕಪಾಟನ್ನು ಮೇಲಕ್ಕೆ ಎತ್ತಿ. ಎಳೆಯಬೇಡಿ, ಎಳೆದರೆ ಕೆಳಗಿರುವ ದೇಹಕ್ಕೆ ಮತ್ತೆ ಗಾಯ. ಒಬ್ಬರಿಂದಾಗದಿದ್ದರೆ ಡ್ರಾವರುಗಳನ್ನು ಕಳಚಿ, ಕೂಗಿ ನೆರೆಯವರನ್ನು ಕರೆಯಿರಿ. ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ.

ಮಗು ಉಸಿರಾಡುತ್ತಿದೆಯೇ ನೋಡಿ. ಉಸಿರಿಲ್ಲದಿದ್ದರೆ ಕೂಡಲೇ ಕೃತಕ ಉಸಿರಾಟ ಮತ್ತು ಎದೆ ಒತ್ತುವಿಕೆ ಆರಂಭಿಸಬೇಕು. ತಿಳಿಯದವರಿಗೆ 108ರವರು ಫೋನಿನಲ್ಲೇ ಹೇಳಬಲ್ಲರು, ಕೇಳಿ. ಉಸಿರಿದ್ದು ಪ್ರಜ್ಞೆ ಇಲ್ಲದಿದ್ದರೆ ತಲೆ, ಕುತ್ತಿಗೆ, ಬೆನ್ನು ಒಂದೇ ಸಾಲಿನಲ್ಲಿರುವಂತೆ ಹಿಡಿದು ಪಕ್ಕಕ್ಕೆ ಹೊರಳಿಸಿ. ಕುಲುಕಿ ಎಬ್ಬಿಸಬೇಡಿ, ಬಾಯಿಗೆ ನೀರು ಹಾಕಬೇಡಿ. ರಕ್ತ ಸುರಿಯುವ ಗಾಯಕ್ಕೆ ಶುಭ್ರವಾದ ಬಟ್ಟೆಯಿಟ್ಟು ಒತ್ತಿ ಹಿಡಿಯಿರಿ. ಕಾಫಿ ಹುಡಿ, ಅರಶಿನ ಹುಡಿ ತುಂಬಬೇಡಿ. ಊದಿದ ಕೈಕಾಲನ್ನು ಎಣ್ಣೆ ಹಚ್ಚಿ ತಿಕ್ಕಬೇಡಿ. ಮುರಿದ ಎಲುಬು ಇನ್ನಷ್ಟು ಸರಿಯುತ್ತದೆ.

ಮಗು ಎದ್ದು ಆಡತೊಡಗಿದರೂ ವೈದ್ಯರಿಗೆ ತೋರಿಸಲೇಬೇಕು. ತಲೆಯೊಳಗಿನ, ಹೊಟ್ಟೆಯೊಳಗಿನ ರಕ್ತಸ್ರಾವ ನಿಧಾನವಾಗಿ ಬೆಳೆಯಬಹುದು. ಮುಂದಿನ ಎರಡು ದಿನ ಈ ಲಕ್ಷಣಗಳನ್ನು ಗಮನಿಸಿ: ಮತ್ತೆ ಮತ್ತೆ ವಾಂತಿ, ಎಬ್ಬಿಸಿದರೂ ಏಳದ ಮಂಪರು, ಹೆಚ್ಚುತ್ತಿರುವ ತಲೆನೋವು, ಫಿಟ್ಸ್, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗುವುದು, ಮೂಗು ಅಥವಾ ಕಿವಿಯಿಂದ ರಕ್ತ ಇಲ್ಲವೇ ತಿಳಿನೀರು, ಒಂದು ಕೈ ಅಥವಾ ಕಾಲಿನ ನಿಶ್ಶಕ್ತಿ, ಹೊಟ್ಟೆ ಉಬ್ಬುವುದು, ಮೈ ಬಿಳಚುವುದು, ಮೂತ್ರದಲ್ಲಿ ರಕ್ತ, ಏದುಸಿರು. ಇವುಗಳಲ್ಲಿ ಒಂದು ಕಂಡರೂ ಬೆಳಗಾಗುವವರೆಗೆ ಕಾಯಬಾರದು. ನಮ್ಮಂಥ ಹಳ್ಳಿಗಳಿಂದ ತಲೆಯ ಸ್ಕ್ಯಾನ್ ಸೌಲಭ್ಯ ದೂರ. ವೇಣೂರಿನಿಂದ ಮಂಗಳೂರು ಸುಮಾರು 50 ಕಿಲೋಮೀಟರ್. ಹೊರಡುವುದರಲ್ಲಿ ತಡ ಮಾಡಿದರೆ ದಾರಿಯಲ್ಲಿ ಅದನ್ನು ತುಂಬಿಕೊಳ್ಳಲಾಗದು.

ಎರಡು ಪಟ್ಟಿ, ನಾಲ್ಕು ತಿರುಪು

ಗಾಯ ವಾಸಿಯಾಗಿ ಹೊಲಿಗೆ ಬಿಚ್ಚಿಸಲು ಬಂದ ದಿನ ಆ ಅಜ್ಜಿಗೆ ಮೇಲಿನ ಡ್ರಾವರಿನ ಲೆಕ್ಕವನ್ನು ಮೇಜಿನ ಮೇಲೆ ಬೆಂಕಿಪೆಟ್ಟಿಗೆ ಇಟ್ಟು ತೋರಿಸಿದೆ. ಅವರು ಬಹಳ ಹೊತ್ತು ನೋಡಿ, "ಹಾಗಾದರೆ ಇವಳ ತಪ್ಪಲ್ಲ ಅಂತಾಯಿತು" ಎಂದರು. ಸೊಸೆ ಏನೂ ಹೇಳಲಿಲ್ಲ. ಮಗುವಿನ ತಲೆ ಸವರುತ್ತಾ ಕುಳಿತಿದ್ದರು. ಅದರ ಮರುವಾರ ನಮ್ಮ ಮನೆಗೆ ಬಂದ ಆಚಾರಿಯೇ ಅವರ ಮನೆಗೂ ಹೋದರು.

ಲಸಿಕೆ ಹಾಕಿಸಿದ ಮೇಲೆ ಆ ರೋಗದ ನೆನಪೇ ನಮಗಿರುವುದಿಲ್ಲ. ಗೋಡೆಗೆ ಬಿಗಿದ ಕಪಾಟೂ ಹಾಗೆಯೇ: ಯಾವ ದಿನ ಅದು ಯಾರನ್ನು ಉಳಿಸಿತೆಂದು ನಮಗೆ ಗೊತ್ತೇ ಆಗುವುದಿಲ್ಲ. ಈ ಪತ್ರಿಕೆಯನ್ನು ಮಡಚಿಟ್ಟು ಒಮ್ಮೆ ಒಳಕೋಣೆಗೆ ಹೋಗಿ. ಮಕ್ಕಳನ್ನು ಹೊರಗೆ ಕಳುಹಿಸಿ, ಕಪಾಟಿನ ನೆತ್ತಿಗೆ ಕೈಯಿಟ್ಟು ಮೆಲ್ಲನೆ ಮುಂದಕ್ಕೆ ಎಳೆದು ನೋಡಿ. ಹಿಂದಿನ ಕಾಲು ಅಲುಗಿದರೆ ನಾಳೆಯೇ ಆಚಾರಿಗೆ ಹೇಳಿಕಳುಹಿಸಿ.